ಒಂದು ರಿಂಗ್ ಕೊಟ್ಟು ಕಟ್ ಮಾಡುವವರ ಫೋನು

ಯಾವ ಇಂಟರ್ನೆಟ್ ಫೋನ್ ಕಂಪನಿ ಒಳ್ಳೆಯದು ಎಂದು ಕೇಳುವವರು ಈಗಲೂ ನನ್ನನ್ನು ಬಿಟ್ಟಿಲ್ಲ. ದೇವಸ್ಥಾನದಲ್ಲಿ ಚಪ್ಪಲಿ ಬಿಡುವಾಗ ಕೇಳುತ್ತಾರೆ, ನಾಮಕರಣದ ಊಟದ ಸಾಲಿನಲ್ಲಿ ಕೇಳುತ್ತಾರೆ, ದಿನಸಿ ಅಂಗಡಿಯಲ್ಲಿ ಬೆಂಡೆಕಾಯಿಯ ತುದಿ ಮುರಿಯುತ್ತಾ ಕೇಳುತ್ತಾರೆ. ಕೇಳಿದವರು ಉತ್ತರಕ್ಕೆ ಕಾಯುವುದಿಲ್ಲ. ಭಾವಮೈದುನ ಹೇಳಿದ ಕಂಪನಿಯ ಹೆಸರನ್ನು ತಾವೇ ಹೇಳಿ, ತಾವೇ ತಲೆಯಾಡಿಸಿ ಹೊರಟುಬಿಡುತ್ತಾರೆ. ಅವರಿಗೆ ಹೇಳಿ ನನಗೆ ಸಾಕಾಗಿದೆ. ಈ ಕೆಲಸಕ್ಕೆ ಹೊಸದಾಗಿ ಬರುವ ಹುಡುಗ ಹುಡುಗಿಯರಿಗಾದರೂ ಇದು ನಿಜವಾಗಿ ಹೇಗಿರುತ್ತದೆ ಎಂದು ಗೊತ್ತಾಗಲಿ ಅಂತ ಬರೆಯುತ್ತಿದ್ದೇನೆ.

ನನ್ನ ಹೆಸರು ವತ್ಸಲಾ. ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದಿ, ಸ್ಯಾನ್ ಡಿಯಾಗೋದ ಟೆಲಿಕಾಂ ಕಂಪನಿಯೊಂದರಲ್ಲಿ ಹರೆಯವನ್ನೆಲ್ಲ ಕಳೆದೆ. 2020ರಲ್ಲಿ ಕೋವಿಡ್ ಬಂದಾಗ ಆ ಕಂಪನಿ ನನ್ನಂಥ ಹಳಬರಿಗೆಲ್ಲ ಬಹಳ ಮರ್ಯಾದೆಯಿಂದ ಮನೆಯ ದಾರಿ ತೋರಿಸಿತು. ಮಗಳ ಮನೆ ಹತ್ತಿರವಾಗಲಿ ಅಂತ ಲಾಸ್ ಏಂಜಲಿಸ್ ಪಕ್ಕದ ಸೆರಿಟೋಸ್‌ಗೆ ಬಂದೆವು. ಸುಮ್ಮನೆ ಕೂರುವ ಜಾಯಮಾನ ನನ್ನದಲ್ಲ. ಅಲ್ಲೇ ಒಂದು ಸಣ್ಣ ಕಂಪನಿ ಸೇರಿದೆ. ಲಾಸ್ ಏಂಜಲಿಸ್‌ನಿಂದ ಸ್ಯಾನ್ ಡಿಯಾಗೋವರೆಗಿನ ಅಂಗಡಿ, ಕ್ಲಿನಿಕ್, ಅಡುಗೆಮನೆಗಳಿಗೆ ಹಳೆಯ ಫೋನ್ ತೆಗೆದು ಇಂಟರ್ನೆಟ್ ಫೋನ್ ಹಾಕಿಕೊಡುವುದು ನಮ್ಮ ಕೆಲಸ. ಹತ್ತಾರು ಕಂಪನಿಗಳ ಸೇವೆ ಮಾರುತ್ತಿದ್ದೆವು. ಅದರಲ್ಲಿ ಯಾರಿಗೆ ಯಾವುದು ಸರಿ ಎಂದು ಆರಿಸಿ ಹೇಳುವುದು ನನ್ನ ಪಾಲಿಗೆ ಬಂದದ್ದು.

ನನ್ನ ಮೇಲಿನವನು ರಾನ್. ಅದಕ್ಕೆ ಮೊದಲು ಮನೆಗಳಿಗೆ ಕಳ್ಳರ ಅಲಾರಂ ಮಾರುತ್ತಿದ್ದವನು. ಒಳ್ಳೆಯ ಮನುಷ್ಯ, ಹುಟ್ಟುಹಬ್ಬಕ್ಕೆ ತಪ್ಪದೆ ಕೇಕ್ ತರುತ್ತಿದ್ದ. ಆದರೆ ಫೋನ್ ಎಂದರೆ ಅವನ ತಲೆಯಲ್ಲಿ ಇದ್ದದ್ದು ಒಂದು ಕಂಪ್ಯೂಟರ್ ಪರದೆ, ಅದರಲ್ಲಿ ಗಿರಾಕಿಗೊಂದರಂತೆ ಹಸಿರು ಬಣ್ಣದ ಗೆರೆಗಳು. ಗೆರೆ ಹಸಿರಾಗಿದ್ದರೆ ಎಲ್ಲವೂ ಕ್ಷೇಮ. ನಾನು ಯಾವ ಗಿರಾಕಿಯ ಹತ್ತಿರ ಹೋದರೂ ಮೊದಲು ಕೇಳುತ್ತಿದ್ದದ್ದು, ಕರೆಂಟ್ ಹೋದರೆ ಏನು ಮಾಡುತ್ತೀರಿ, ಇಂಟರ್ನೆಟ್ ಹೋದರೆ ಕರೆ ಎಲ್ಲಿಗೆ ಹೋಗಬೇಕು ಎಂದು. ರಾನ್‌ಗೆ ಅದು ಇಷ್ಟವಾಗುತ್ತಿರಲಿಲ್ಲ. "ವತ್ಸಲಾ, ಅವರಿಗೆ ಭಯ ಹುಟ್ಟಿಸಬೇಡ. ಫೀಚರ್ ತೋರಿಸು" ಎನ್ನುತ್ತಿದ್ದ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವುದು ನಮ್ಮಿಬ್ಬರಿಗೆ ಸರಿಯಾಗಿ ಒಪ್ಪುವ ಮಾತು. ಯಾರು ಎತ್ತು, ಯಾರು ಕೋಣ ಎಂದು ಅವನಿಗೆ ಇಂಗ್ಲಿಷಿನಲ್ಲಿ ಹೇಳುವ ಧೈರ್ಯ ನನಗೆ ಬರಲಿಲ್ಲ.

ಕೋವಿಡ್ ಕಾಲದಲ್ಲಿ ಯಾರ ಮನೆಗೂ ಹೋಗುವಂತಿರಲಿಲ್ಲ. ವಿಡಿಯೋ ಕಾಲ್‌ನಲ್ಲೇ ಫೋನ್ ಜೋಡಿಸಿಕೊಡಬೇಕು. ವೈರ್ ತೋರಿಸಿ ಎಂದರೆ ಸೀಲಿಂಗ್ ಫ್ಯಾನ್ ತೋರಿಸುತ್ತಿದ್ದರು. ಹಳದಿ ವೈರ್ ಎಂದರೆ, "ಆಂಟಿ, ಇಲ್ಲಿ ಎಲ್ಲಾ ಗ್ರೇ ಇದೆ" ಎನ್ನುತ್ತಿದ್ದರು, ಹಳದಿ ವೈರನ್ನು ಕೈಯಲ್ಲೇ ಹಿಡಿದುಕೊಂಡು. ಪಕ್ಕದ ಆರ್ಟೀಸಿಯಾದ ಸೀರೆ ಅಂಗಡಿಯವರೊಬ್ಬರು ದಿನವೂ ಫೋನ್ ಮಾಡಿ ಬೈಯುತ್ತಿದ್ದರು. ಬೆಳಿಗ್ಗೆ ಫೋನ್ ಸರಿಯಾಗಿರುತ್ತದೆ, ಅಂಗಡಿ ತೆರೆದ ಸ್ವಲ್ಪ ಹೊತ್ತಿಗೆ ಮಾತು ತುಂಡುತುಂಡಾಗುತ್ತದೆ, ನಿಮ್ಮ ಕಂಪನಿಯೇ ಸರಿಯಿಲ್ಲ. ಮೂರು ಕಂಪನಿ ಬದಲಾಯಿಸಿಕೊಟ್ಟೆ. ಕೊನೆಗೆ ಮಾಸ್ಕ್ ಹಾಕಿಕೊಂಡು ನಾನೇ ಹೋಗಿ ನೋಡಿದರೆ, ಇಂಟರ್ನೆಟ್ ಡಬ್ಬಿಯನ್ನು ಕಳ್ಳರ ಭಯಕ್ಕೆ ಉಕ್ಕಿನ ಬೀರುವಿನೊಳಗೆ, ರೇಷ್ಮೆ ಸೀರೆಗಳ ನಡುವೆ ಇಟ್ಟಿದ್ದರು. ಬೆಳಿಗ್ಗೆ ಬೀರು ತೆರೆದಿರುತ್ತದೆ, ಗಿರಾಕಿ ಬಂದ ಮೇಲೆ ಬಾಗಿಲು ಹಾಕುತ್ತಾರೆ, ಸಿಗ್ನಲ್ ಒಳಗೇ ಉಳಿಯುತ್ತದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಡಬ್ಬಿ ಹೊರಗೆ ಇಡಿ ಎಂದರೆ, "ಬೀರುವಿನ ಬೀಗ ತೆಗೆದಿಟ್ರೆ ಸಾಕಾಗಲ್ವಾ?" ಎಂದು ಕೇಳಿದರು.

ಸೆರಿಟೋಸ್‌ನಲ್ಲಿ ಹಲ್ಲಿನ ಡಾಕ್ಟರ್ ಒಬ್ಬರಿದ್ದರು, ಕೋವಿಡ್ ತಗ್ಗಿದ ಮೇಲೆ ಸಿಕ್ಕ ಗಿರಾಕಿ. ಗಾಳಿ ಜೋರಾದಾಗ ಕಾಡ್ಗಿಚ್ಚಿನ ಭಯಕ್ಕೆ ಕರೆಂಟ್ ತೆಗೆಯುವ ದಿನಗಳಲ್ಲಿ ಫೋನ್ ಸಾಯಬಾರದು ಅಂತ ಬ್ಯಾಟರಿ ಕೊಡಿಸಿ ಜೋಡಿಸಿ ಬಂದಿದ್ದೆ. ಕರೆಂಟ್ ಹೋಯಿತು, ಫೋನೂ ಹೋಯಿತು. ಹೋಗಿ ನೋಡಿದರೆ ಫೋನಿನ ವೈರ್ ಕಿತ್ತು ಬ್ಯಾಟರಿಗೆ ಹಾಲ್‌ನಲ್ಲಿದ್ದ ಮೀನಿನ ತೊಟ್ಟಿಯ ವೈರ್ ಚುಚ್ಚಿದ್ದರು. "ಆಂಟಿ, ಫೋನ್ ಮತ್ತೆ ಬರುತ್ತೆ. ಮೀನು ಸತ್ರೆ ಮತ್ತೆ ಬರುತ್ತಾ?" ಎಂದರು. ಮೀನಿಗೆಂದೇ ಇನ್ನೊಂದು ಬ್ಯಾಟರಿ ಕೊಡಿಸಿ ಬಂದೆ.

ಇವೆಲ್ಲ ನಗುವ ಕತೆಗಳು. ರಾನ್ ಕೂಡ ನಗುತ್ತಿದ್ದ. ನಗು ಬಾರದ ಕತೆ ಪದ್ಮಾಳದು.

ಪದ್ಮಾ ಹುಬ್ಬಳ್ಳಿಯವಳು, ಸ್ಯಾನ್ ಡಿಯಾಗೋದ ಮೀರಾ ಮೆಸಾದಲ್ಲಿ ವಯಸ್ಸಾದವರ ಮನೆಗೆ ಮಧ್ಯಾಹ್ನದ ಊಟ ಕಳಿಸುತ್ತಿದ್ದಳು. ಮಕ್ಕಳ ಜೊತೆ ಇರಲು ಬಂದ ಅಪ್ಪ ಅಮ್ಮಂದಿರು ಆ ಕಡೆ ಬಹಳ. ಮಕ್ಕಳು ಬೆಳಿಗ್ಗೆ ಕಾರು ಹತ್ತಿ ಹೋದರೆ ಸಂಜೆಯವರೆಗೆ ಅವರು ಒಬ್ಬರೇ. ಡ್ರೈವ್ ಮಾಡಲು ಬರುವುದಿಲ್ಲ, ಕಾರಿಲ್ಲದೆ ಅಲ್ಲಿ ಒಂದು ಕಡ್ಡಿಪೆಟ್ಟಿಗೆಯೂ ಸಿಗುವುದಿಲ್ಲ. ಅವರಿಗೂ ಪದ್ಮಾಳಿಗೂ ನಡುವೆ ಒಂದು ಪದ್ಧತಿ ಬೆಳೆದಿತ್ತು. ಬೆಳಿಗ್ಗೆ ಫೋನಿಗೆ ಒಂದೇ ಒಂದು ರಿಂಗ್ ಕೊಟ್ಟು ಕಟ್ ಮಾಡಿದರೆ, ಇವತ್ತು ನಾನೊಬ್ಬನೇ ಇದ್ದೇನೆ, ಊಟ ಬೇಕು ಎಂದು ಅರ್ಥ. ರಿಂಗ್ ಬರದಿದ್ದರೆ ಮಗನೋ ಮಗಳೋ ಮನೆಯಲ್ಲೇ ಕೂತು ಕೆಲಸ ಮಾಡುತ್ತಿದ್ದಾರೆ, ಬೇಡ. ಮಾತಿಲ್ಲ ಕತೆಯಿಲ್ಲ. ಕರೆಗೆ ದುಡ್ಡು ಕೊಡಬೇಕಿಲ್ಲದ ದೇಶದಲ್ಲೂ ಮಿಸ್ಡ್ ಕಾಲ್ ಬಿಡದ ಜನ ನಾವು.

ಒಲೆಯ ಪಕ್ಕದ ಗೋಡೆಯಲ್ಲಿ ಹಳೆಯ ಫೋನು. ರಿಂಗ್ ಆದಾಗಲೆಲ್ಲ ಪದ್ಮಾ ಅದರ ಪುಟ್ಟ ಪರದೆಯ ಕಡೆ ಕತ್ತು ಹೊರಳಿಸಿ ನಂಬರ್ ನೋಡುವಳು, ಡಬ್ಬಿಗೆ ಒಂದು ಸೌಟು ಹೆಚ್ಚು ಹಾಕುವಳು. ನಾನು ಮೊದಲ ಸಲ ಹೋದಾಗ ಅದನ್ನು ನೋಡಿ ನಕ್ಕೆ. ಅವಳು ನಗಲಿಲ್ಲ.

"ನಗಬ್ಯಾಡ್ರಿ ಅಕ್ಕಾರ. ಒಂದ್ ರಿಂಗ್ ಅಂದ್ರ ಊಟ. ಕಟ್ ಮಾಡ್ಲಾರ್ದ ರಿಂಗ್ ಹಂಗ ಬಿಟ್ರ, ಏನೋ ಆಗೇತಿ ಅಂತ. ಆವಾಗ ನಾ ಎಲ್ಲಾ ಬಿಟ್ ಓಡತೇನಿ. ಹಂಗಂತ ಎಲ್ಲಾರಿಗೂ ಮಾತ್ ಕೊಟ್ಟೇನಿ."

ಈ ಮಾತನ್ನು ನೆನಪಿಟ್ಟುಕೊಂಡು ನಾನು ಅವಳಿಗೆ ಫೋನ್ ಆರಿಸಿದೆ. ಫೋನ್ ಕಂಪನಿಯವರು ಆ ಬೀದಿಯ ಹಳೆಯ ತಾಮ್ರದ ತಂತಿ ತೆಗೆಯುತ್ತೇವೆ ಎಂದು ಹೇಳಿದ್ದರಿಂದ ಬದಲಾಯಿಸುವುದು ಅನಿವಾರ್ಯವಾಗಿತ್ತು. ನಾನು ಹೇಳಿದ್ದು ತೀರಾ ಸಪ್ಪೆ ಸೇವೆ. ಒಂದನ್ನು ಒತ್ತಿ, ಎರಡನ್ನು ಒತ್ತಿ ಎನ್ನುವ ಹೆಂಗಸಿನ ದನಿ ಬೇಡ. ಯಾವ ಜಾಣತನವೂ ಬೇಡ. ಬಂದ ಕರೆಯೆಲ್ಲ ರಿಂಗ್ ಆಗಬೇಕು, ಇಂಟರ್ನೆಟ್ ಹೋದರೆ ಅವಳ ಸೆಲ್ ಫೋನಿಗೆ ಹೋಗಬೇಕು, ಹೆಚ್ಚು ಕಡಿಮೆಯಾದರೆ ಫೋನ್ ಎತ್ತುವ ಒಬ್ಬ ಮನುಷ್ಯ ಆ ಕಂಪನಿಯಲ್ಲಿ ಇರಬೇಕು. ಅಷ್ಟೇ.

ಪದ್ಮಾಳ ಮೈದುನ ಮಹೇಶ ಸಾಫ್ಟ್‌ವೇರ್‌ನವನು. ನಾನು ಬರೆದುಕೊಟ್ಟದ್ದನ್ನು ನೋಡಿ ಅವನಿಗೆ ಅವಮಾನವೇ ಆದಂತಿತ್ತು. "ಆಂಟಿ, ಇದು ತುಂಬಾ ಬೇಸಿಕ್ ಆಯ್ತು. ನಾವು ವಾಟ್ಸ್ಆ್ಯಪ್ ಗ್ರೂಪಲ್ಲಿ ಪೋಲ್ ಹಾಕಿದ್ವಿ. ಎಲ್ರೂ ಇನ್ನೊಂದಕ್ಕೇ ವೋಟ್ ಮಾಡಿದಾರೆ. ಅದ್ರಲ್ಲಿ ಎಐ ಗಾರ್ಡ್ ಇದೆ, ಸ್ಪ್ಯಾಮ್ ಎಲ್ಲಾ ಅದೇ ಬ್ಲಾಕ್ ಮಾಡುತ್ತೆ."

"ವೋಟ್ ಹಾಕಿದವರಲ್ಲಿ ಎಷ್ಟು ಜನ ಊಟದ ಡಬ್ಬಿ ಕಳಿಸ್ತಾರಪ್ಪಾ?" ಎಂದೆ.

"ಅದಲ್ಲ ಆಂಟಿ, ರಿಲಯಬಲ್ ಅಂದ್ರೆ ಎಲ್ರಿಗೂ ರಿಲಯಬಲ್ ಅಲ್ವಾ?"

ಹೀಗೆ ಕೇಳುವುದು ನನ್ನನ್ನು, ಆರಿಸುವುದು ಗುಂಪು. ಆ ಗುಂಪಿನಲ್ಲಿ ಕೂತವರೆಲ್ಲ ದೊಡ್ಡ ಕಂಪನಿಯ ಆಫೀಸಿನಲ್ಲಿ ಬೇರೆ ಯಾರೋ ಹಾಕಿಕೊಟ್ಟ ಫೋನ್ ಬಳಸುವವರು. ಗಾರ್ಡ್ ಆಫ್ ಮಾಡಿಯಾದರೂ ಕೊಡುತ್ತೇನೆ, ಅದು ಯಾರನ್ನು ತಡೆಯುತ್ತದೆ ಎಂದು ನಮಗೆ ತಿಳಿಯುವುದಿಲ್ಲ ಎಂದೆ. ಆದರೆ ದಿನವೂ ಕರೆ ಮಾಡಿ ಕಾರಿನ ವಾರಂಟಿ ಮಾರುವವರ ಕಾಟ ಪದ್ಮಾಳಿಗೂ ಸಾಕಾಗಿತ್ತು. "ಇರ್ಲಿ ಬಿಡ್ರಿ ಅಕ್ಕಾರ, ಮಹೇಶ ಓದಿದಾಂವ" ಎಂದಳು. ರಾನ್‌ಗಂತೂ ಹಬ್ಬ. ಅವನು ಮಾರಬೇಕೆಂದಿದ್ದದ್ದೂ ಅದನ್ನೇ.

ಮೊದಲು ಎಲ್ಲ ಚೆನ್ನಾಗಿಯೇ ಇತ್ತು. ಆಮೇಲೆ ಪದ್ಮಾಳ ಗಿರಾಕಿಗಳು ಒಬ್ಬೊಬ್ಬರಾಗಿ ಕಡಿಮೆಯಾದರು. ಇವತ್ತು ಒಬ್ಬರ ರಿಂಗ್ ಇಲ್ಲ, ಮುಂದಿನ ವಾರ ಇನ್ನೊಬ್ಬರದಿಲ್ಲ. ಅದೇ ಹೊತ್ತಿಗೆ ಮೀರಾ ಮೆಸಾದಲ್ಲಿ ಇನ್ನೊಬ್ಬರು ಊಟದ ಡಬ್ಬಿ ಶುರು ಮಾಡಿದ್ದರು. ಎಲ್ಲರೂ ಅತ್ತ ಹೋದರು ಎಂದುಕೊಂಡಳು. ಬೇರೆ ಕೆಲಸಕ್ಕೆ ಆ ಕಡೆ ಹೋಗಿದ್ದ ನಾನು ಅವಳ ಅಡುಗೆಮನೆಗೆ ಇಣುಕಿದರೆ, ಡಬ್ಬಿಗಳು ತೊಳೆದು ಬೋರಲು ಹಾಕಿದಂತೆಯೇ ಇದ್ದವು.

"ಒಂದ್ ಫೋನ್ ಮಾಡಿ ಕೇಳಬಾರದೇನೆ?" ಎಂದೆ.

"ಏನಂತ ಕೇಳ್ಲಿ? ನನ್ನ ಊಟ ಯಾಕ ಬಿಟ್ರಿ ಅಂತ ಕೇಳಿದ್ರ ಬೇಡಿದಂಗ ಆಗತೈತಿ. ಅವ್ರಿಗೂ ಮುಜುಗರ. ನನ್ನ ಕೈರುಚಿನ ಕೆಟ್ಟಿರಬೇಕು."

ಕೈರುಚಿ ಕೆಟ್ಟಿರಲಿಲ್ಲ. ಅವತ್ತು ಅವಳು ಬಡಿಸಿದ ಎಣಗಾಯಿಯನ್ನು ನಾನು ಇನ್ನೂ ಮರೆತಿಲ್ಲ. ಅಲ್ಲೇ ನನ್ನ ಲ್ಯಾಪ್‌ಟಾಪಿನಲ್ಲಿ ಆ ಪರದೆ ತೆರೆದು ನೋಡಿದೆ. ಎಲ್ಲ ಗೆರೆಗಳೂ ಹಸಿರು. ತಪ್ಪಿಹೋದ ಕರೆ ಒಂದೂ ಇಲ್ಲ. ನನ್ನ ಸೆಲ್‌ನಿಂದ ಕರೆ ಮಾಡಿದೆ, ಫೋನ್ ಗಣಗಣ ಎಂದಿತು. ಕಂಪನಿಗೆ ದೂರು ಕೊಟ್ಟೆ. ಮೊದಲು ಯಂತ್ರ ಮಾತಾಡಿತು, ಆಮೇಲೆ ಯಂತ್ರದಂತೆ ಮಾತಾಡುವ ಮನುಷ್ಯ ಬಂದ, "ನಮ್ಮ ಕಡೆ ಎಲ್ಲ ಸರಿಯಾಗಿದೆ" ಎಂದು ಹೇಳಿ ನನ್ನ ದೂರನ್ನು ಮುಚ್ಚಿದ. ಸೇವೆ ಹೇಗಿತ್ತು, ನಕ್ಷತ್ರ ಕೊಡಿ ಎಂದು ಮೆಸೇಜ್ ಬಂತು.

ಸತ್ಯ ಹೊರಬಿದ್ದದ್ದು ಲಾಸ್ ಏಂಜಲಿಸ್ ಆಚೆ ಕ್ಯಾಲಬಾಸಸ್‌ನ ದೇವಸ್ಥಾನದಲ್ಲಿ. ಶನಿವಾರ ದರ್ಶನ ಮುಗಿಸಿ ಪುಳಿಯೋಗರೆ ತಿನ್ನುತ್ತಾ ಕೂತಿದ್ದೆ. ಪಕ್ಕದಲ್ಲಿ ಬಂದು ಕೂತವರು ಗೋಪಾಲರಾಯರು. ಮೈಸೂರಿನವರು, ಮೀರಾ ಮೆಸಾದಲ್ಲಿ ಮಗಳ ಮನೆಯಲ್ಲಿರುವವರು, ಪದ್ಮಾಳ ಹಳೆಯ ಗಿರಾಕಿ, ನನಗೂ ಪರಿಚಯ. ಮಗಳು ಕಾರಿನಲ್ಲಿ ಕರೆದುಕೊಂಡು ಬಂದಿದ್ದಳು. ಹೊಸ ಡಬ್ಬಿಯ ಊಟ ಹೇಗಿದೆ ಎಂದು ಸ್ವಲ್ಪ ಚುಚ್ಚಿಯೇ ಕೇಳಿದೆ.

"ಯಾವ ಹೊಸ ಡಬ್ಬಿ? ನಾನು ಫ್ರಿಜ್ಜಲ್ಲಿರೋ ಚಪಾತಿ ಬಿಸಿ ಮಾಡ್ಕೊಂಡು ತಿಂತಿದೀನಿ. ನಿಮ್ಮ ಪದ್ಮಾ ದೊಡ್ಡೋರಾಗ್ಬಿಟ್ರು ಬಿಡಿ. ದಿನಾ ರಿಂಗ್ ಕೊಟ್ಟೆ, ಊಟಾನೇ ಕಳಿಸ್ಲಿಲ್ಲ. ಒಂದಿನ ಕಟ್ ಮಾಡ್ದೇನೇ ಪೂರ್ತಿ ರಿಂಗ್ ಬಿಟ್ಟೆ, ಎತ್ತಲೂ ಇಲ್ಲ. ಉಪ್ಪು ಕಡಿಮೆ ಅಂತ ಒಂದ್ಸಲ ಅಂದಿದ್ದೆ ನೋಡಿ, ಅದನ್ನೇ ಮನಸ್ಸಲ್ಲಿಟ್ಕೊಂಡಿರಬೇಕು."

ನನ್ನ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟೆ. ಈಗಲೇ ಅವಳಿಗೆ ಕರೆ ಮಾಡಿ ಎಂದೆ. ಮಾಡಿದರು. ಅವರ ಫೋನನ್ನು ನನ್ನ ಕಿವಿಗಿಟ್ಟುಕೊಂಡೆ, ರಿಂಗ್ ಆಗುತ್ತಿತ್ತು. ಇನ್ನೊಂದು ಕೈಯಲ್ಲಿ ನನ್ನ ಫೋನಿನಿಂದ ಪದ್ಮಾಳ ಸೆಲ್‌ಗೆ ಕರೆ ಮಾಡಿದೆ.

"ಗ್ವಾಡಿ ಫೋನ್ ಈಗ ಬಡಕೊಳ್ಳಾಕತ್ತೇತೇನು?"

ಅವಳ ಜೊತೆ ಮಾತಾಡಿ ಮಾತಾಡಿ ನನಗೂ ಅವಳ ಮಾತೇ ಬರುತ್ತಿತ್ತು.

"ಇಲ್ರಿ ಅಕ್ಕಾರ. ಸುಮ್ನ ಕುಂತೇತಿ. ನಾ ಅದರ ಮುಂದ ನಿಂತೇನಿ."

ನನ್ನ ಒಂದು ಕಿವಿಯಲ್ಲಿ ರಿಂಗ್ ಆಗುತ್ತಲೇ ಇತ್ತು.

ಸೋಮವಾರ ಆ ಕಂಪನಿಯ ಜುಟ್ಟು ಹಿಡಿದು ಕೂತೆ. ಮೇಲಿನವರು, ಅವರ ಮೇಲಿನವರು ಎಂದು ಹತ್ತಿ ಹತ್ತಿ ಕೊನೆಗೆ ವಿಷಯ ಗೊತ್ತಿದ್ದ ಒಬ್ಬಳು ಸಿಕ್ಕಳು. ಅವಳು ಬಹಳ ಹೆಮ್ಮೆಯಿಂದ ವಿವರಿಸಿದಳು. ಈ ನಂಬರುಗಳು ದಿನವೂ ಕರೆ ಮಾಡುತ್ತವೆ, ಎತ್ತುವ ಮೊದಲೇ ಕಟ್ ಮಾಡುತ್ತವೆ, ಒಂದು ಸಲವೂ ಮಾತಾಡುವುದಿಲ್ಲ. ಇದು ವಂಚಕರ ಲಕ್ಷಣ. ನಮ್ಮ ಗಾರ್ಡ್ ಅದನ್ನು ಕಲಿತು ಒಂದೊಂದೇ ನಂಬರನ್ನು ತಡೆದಿದೆ. ತಡೆದದ್ದು ವಂಚಕನಿಗೆ ತಿಳಿಯಬಾರದೆಂದು ಅವನ ಕಿವಿಗೆ ರಿಂಗ್ ಆಗುತ್ತಿರುವ ಹಾಗೆಯೇ ಕೇಳಿಸುತ್ತೇವೆ. ತಡೆದ ಕರೆಯನ್ನು ತಪ್ಪಿದ ಕರೆ ಎಂದು ಎಣಿಸುವುದಿಲ್ಲ. "ನಿಮ್ಮ ಗಿರಾಕಿಯನ್ನು ಕಾಪಾಡಿದ್ದೇವೆ, ಮ್ಯಾಮ್."

ಫೋನ್ ಇಟ್ಟು ನೇರವಾಗಿ ಮೇಲಿನವನ ಹತ್ತಿರ ಹೋದೆ. ರಾನ್‌ಗೆ ಹೇಳಿದರೆ ಅವನು ಪರದೆ ನೋಡಿ, "ಅಂದರೆ ಅದು ಕೆಲಸ ಮಾಡುತ್ತಿದೆ ಅಂತ ತಾನೇ ಅರ್ಥ?" ಎಂದ. ಇವತ್ತಿಗೂ ಅವನಿಗೆ ಅದರಲ್ಲಿ ತಪ್ಪೇನಿತ್ತು ಎಂದು ತಿಳಿದಿರಲಿಕ್ಕಿಲ್ಲ. ನೀವು ಈ ಕೆಲಸಕ್ಕೆ ಬರುವವರಾದರೆ ಇಂಥವರು ನಿಮಗೂ ಸಿಗುತ್ತಾರೆ. ಪರದೆಯನ್ನು ನಂಬಬೇಡಿ. ಗಿರಾಕಿಗೆ ಕರೆ ಮಾಡುವ ಜನ ಯಾರು, ಅವರು ಹೇಗೆ ಕರೆ ಮಾಡುತ್ತಾರೆ ಎಂದು ಅಡುಗೆಮನೆಯಲ್ಲಿ ಅರ್ಧ ದಿನ ನಿಂತು ನೋಡಿ. ಅವರ ಫೋನಿನಿಂದಲೇ ಕರೆ ಮಾಡಿಸಿ ಪರೀಕ್ಷೆ ಮಾಡಿ, ನಿಮ್ಮ ಫೋನಿನಿಂದಲ್ಲ. ತಡೆಯುವ ಯಾವ ಜಾಣ ಯಂತ್ರವಿದ್ದರೂ, ಅದು ತಡೆದದ್ದನ್ನು ಕಣ್ಣಿಗೆ ಕಾಣುವಂತೆ ತೋರಿಸದಿದ್ದರೆ ಅಂಥ ಸೇವೆ ಬೇಡ. ಇದಿಷ್ಟೂ ಮೀರಾ ಮೆಸಾದಲ್ಲಿ ಕಲಿತದ್ದು, ಯಾವ ತರಬೇತಿಯಲ್ಲೂ ಹೇಳಿಕೊಡಲಿಲ್ಲ.

ಗಾರ್ಡ್ ತೆಗೆಸಿದೆ. ಊರೆಲ್ಲ ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ ಎಂದು ಆಗ ಗೊತ್ತಿರಲಿಲ್ಲ. ಪದ್ಮಾ ಒಬ್ಬೊಬ್ಬರಿಗೇ ಕರೆ ಮಾಡುತ್ತಾ ಕೂತಳು, ನಾನು ಪಕ್ಕದಲ್ಲಿದ್ದೆ. ಅತ್ತ ಅಳು, ಇತ್ತ ನಗು. ಎಲ್ಲರೂ ತಾವೇ ಏನೋ ಅಂದಿರಬೇಕು ಎಂದುಕೊಂಡು ಸುಮ್ಮನಾದವರು. ಒಬ್ಬರಿಗೂ ಕೇಳುವ ಬಾಯಿಲ್ಲ. ಈ ಸಂಕೋಚಕ್ಕೆ ಬೆಂಕಿ ಹಾಕ ಎಂದು ನಾನು ಬೈದದ್ದಕ್ಕೆ ಪದ್ಮಾ ಮತ್ತೂ ನಕ್ಕಳು. ಆಮೇಲೆ ಮತ್ತೊಬ್ಬ ಹಳೆಯ ಗಿರಾಕಿ ಜಾನಕಮ್ಮನವರ ನಂಬರಿಗೆ ಮಾಡಿದಳು. ಎತ್ತಿದ್ದು ಅವರ ಮಗ. ಅವನ ಮಾತು ಶುರುವಾಗುತ್ತಲೇ ಅವಳು ಫೋನನ್ನು ನನಗೂ ಕೇಳುವಂತೆ ಹಿಡಿದಳು.

ಜಾನಕಮ್ಮ ಬಚ್ಚಲಿನ ಬಾಗಿಲಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರು. ಬಿದ್ದದ್ದು ಬೆಳಿಗ್ಗೆ, ಮಗ ನೋಡಿದ್ದು ಸಂಜೆ ಮನೆಗೆ ಬಂದ ಮೇಲೆ. ಆಪರೇಷನ್ ಆಗಿ, ಈಗ ನಡೆಯುವುದನ್ನು ಮತ್ತೆ ಕಲಿಸುವ ಒಂದು ಆರೈಕೆ ಕೇಂದ್ರದಲ್ಲಿದ್ದಾರೆ. ಅಲ್ಲಿನ ಊಟ ಮುಟ್ಟುತ್ತಿಲ್ಲ. ಫೋನ್ ಅವರ ಕೈಯಲ್ಲೇ ಇತ್ತು, ತುರ್ತಿಗೆಂದೇ ಇರುವ 911ಕ್ಕಾದರೂ, ತನಗಾದರೂ ಯಾಕೆ ಮಾಡಲಿಲ್ಲವೋ ತಿಳಿಯುತ್ತಿಲ್ಲ ಎಂದ ಮಗ.

ಮರುದಿನ ಪದ್ಮಾ ತಿಳಿಸಾರು, ಮೆತ್ತಗಿನ ಅನ್ನ ಕಟ್ಟಿಕೊಂಡಳು. ನಾನೇ ನನ್ನ ಕಾರಿನಲ್ಲಿ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಅವಳು ಸಾರು ಚೆಲ್ಲದಂತೆ ಡಬ್ಬಿಯನ್ನು ತೊಡೆಯ ಮೇಲೆ ಹಿಡಿದು ಕೂತಿದ್ದಳು. ನಾನು ಮಹೇಶನನ್ನು, ಅವನ ಗುಂಪನ್ನು, ರಾನ್‌ನನ್ನು, ಗಾರ್ಡ್ ಬರೆದ ಪುಣ್ಯಾತ್ಮರನ್ನು ಒಬ್ಬರನ್ನೂ ಬಿಡದೆ ಬೈಯುತ್ತಾ ಓಡಿಸಿದೆ.

ಜಾನಕಮ್ಮ ಹಾಸಿಗೆಯಲ್ಲಿ ಬಹಳ ಸಣ್ಣಗೆ ಕಂಡರು. ಪದ್ಮಾಳನ್ನು ನೋಡಿ ಮುಖ ಅರಳಿತು. ಸಿಟ್ಟಿನ ಸುಳಿವೂ ಇರಲಿಲ್ಲ. ಇದ್ದಿದ್ದರೆ ನನಗೆ ಒಂದಿಷ್ಟು ಸಮಾಧಾನವಾಗುತ್ತಿತ್ತು.

"ಅವತ್ತು ನಾನು ಕಟ್ ಮಾಡ್ಲಿಲ್ಲ ಕಣೇ ಪದ್ಮಾ" ಎಂದರು. "ನೀನು ಹೇಳಿದ್ಯಲ್ಲ, ಹಾಗೇ ಬಿಟ್ಟೆ. ರಿಂಗ್ ಆಗ್ತಾನೇ ಇತ್ತು. ನಿಂತೋದ್ರೆ ಮತ್ತೆ ಒತ್ತೋದು, ಮತ್ತೆ ರಿಂಗ್ ಆಗೋದು. ರಿಂಗ್ ಆಗ್ತಿದೆ ಅಂದ್ರೆ ನೀನು ಬರ್ತಿದೀಯ ಅಂತಲೇ. ಅದಕ್ಕೇ ಬೇರೆ ಯಾರಿಗೂ ಮಾಡ್ಲಿಲ್ಲ."

ನನಗೆ ತಡೆಯಲಾಗಲಿಲ್ಲ. "ಜಾನಕಮ್ಮಾ, ಅದು ಇವಳ ತಪ್ಪಲ್ಲ. ಆ ಫೋನಲ್ಲಿ ಒಂದು ಮೆಷೀನು, ನಿಮ್ಮ ನಂಬರನ್ನ..." ಎಂದು ಶುರು ಮಾಡಿದೆ. ಪದ್ಮಾ ನನ್ನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಆ ಹೆಂಗಸನ್ನು ಒಂದು ಯಂತ್ರ ವಂಚಕರ ಸಾಲಿಗೆ ಸೇರಿಸಿತ್ತು ಎಂದು ಅವರಿಗೆ ತಿಳಿಯುವುದು ಅವಳಿಗೆ ಬೇಕಿರಲಿಲ್ಲ.

"ಕೈಯಾಗ ಹಿಟ್ಟಿತ್ರಿ ಅಮ್ಮಾ" ಎಂದಳು. "ಎತ್ತಾಕ ಆಗ್ಲಿಲ್ಲ. ನಂದ ತಪ್ಪು."

"ಹಾಗೇ ಅಂದ್ಕೊಂಡೆ ಕಣೇ. ಅಷ್ಟು ಜನಕ್ಕೆ ಒಬ್ಬಳೇ ಮಾಡ್ತೀಯ" ಎಂದರು ಜಾನಕಮ್ಮ, ಬಾಯಿ ತೆರೆದರು. ಪದ್ಮಾ ಸಾರನ್ನ ಕಲಸಿ ತುತ್ತಿಟ್ಟಳು.